ಮಗಳ ಶಾಲೆಯಲ್ಲಿ ಕೇಳಿದ ಪದ: ‘ಗುಬರ್ನಟೋರಿಯಲ್’
(ಅಮೆರಿಕದ ಕನ್ನಡಿಗರ ಮಾತುಕತೆ. ಹೆಸರಿನ ಬದಲು ಈಗ ಇರುವ ನಗರ, ಆವರಣದಲ್ಲಿ ಸ್ವಂತ ಊರು.)

ಎಡಿಸನ್ (ಊರು ಶಿವಮೊಗ್ಗ):
ಎಲ್ಲರಿಗೂ ನಮಸ್ಕಾರ. ಮಗಳು ಆರನೇ ಗ್ರೇಡ್. ಸೋಮವಾರ ‘ಗುಬರ್ನಟೋರಿಯಲ್’ ಪದದ ಅರ್ಥ, ಹುಟ್ಟು ಎರಡನ್ನೂ ಕ್ಲಾಸಲ್ಲಿ ಹೇಳಬೇಕಂತೆ. ಗವರ್ನರ್‌ಗೆ ಸಂಬಂಧಿಸಿದ್ದು ಅಂತ ಗೊತ್ತು. ‘ವ’ ಇರೋ ಕಡೆ ‘ಬ’ ಯಾಕೆ? ಜೊತೆಗೆ, “ಅಮ್ಮಾ, ಊರಲ್ಲಿ ಅಜ್ಜಿ ಯಾವ ಗವರ್ನರ್‌ಗೆ ಓಟು ಹಾಕಿದ್ರು?” ಅಂದಳು. ಹನ್ನೊಂದು ವರ್ಷ ಅಮೆರಿಕದಲ್ಲಿದ್ದೂ ಇಲ್ಲಿನ ವ್ಯವಸ್ಥೆ ನನಗೇ ಸರಿಯಾಗಿ ತಿಳಿಯದು, ಅವಳಿಗೆ ಏನು ಹೇಳಿಕೊಡಲಿ?

ರಾಲಿ (ಊರು ಮೈಸೂರು):
ಲ್ಯಾಟಿನ್‌ನಲ್ಲಿ ‘ಗುಬರ್ನಾಟೋರ್’ ಅಂದರೆ ಹಡಗಿನ ಚುಕ್ಕಾಣಿ ಹಿಡಿದವನು. ಅದಕ್ಕೆ ಮೂಲ ಗ್ರೀಕ್‌ನ ‘ಕುಬೆರ್ನಾನ್’. ಫ್ರೆಂಚರ ಬಾಯಲ್ಲಿ ‘ಬ’ ಹೋಗಿ ‘ವ’ ಆಯಿತು, ‘ಗವರ್ನರ್’ ಬಂದದ್ದು ಆ ದಾರಿಯಲ್ಲಿ. ‘ಗುಬರ್ನಟೋರಿಯಲ್’ ಮಾತ್ರ 18ನೇ ಶತಮಾನದಲ್ಲಿ ನೇರ ಲ್ಯಾಟಿನ್‌ನಿಂದ ಕಟ್ಟಿಕೊಂಡ ಪದ, ಹಾಗಾಗಿ ಹಳೆಯ ‘ಬ’ ಉಳಿಯಿತು. ‘ಸೈಬರ್’ ಅನ್ನೋದೂ ಅದೇ ಗ್ರೀಕ್ ಬೇರಿನದು ಅಂತ ಹೇಳಿ, ಮಕ್ಕಳಿಗೆ ಖುಷಿಯಾಗುತ್ತೆ. ನಾವೂ ‘ರಾಜ್ಯದ ಚುಕ್ಕಾಣಿ ಹಿಡಿದರು’ ಅಂತೀವಲ್ಲ!

ಬೋಸ್ಟನ್ (ಊರು ಮಲ್ಪೆ):
ಚುಕ್ಕಾಣಿ ಅಂದ ಕೂಡಲೇ ಅಪ್ಪನ ನೆನಪಾಯಿತು. ಮೀನುಗಾರಿಕೆ ಬೋಟಿನಲ್ಲಿ ತಂಡೇಲರಾಗಿದ್ದರು, ಅಂದರೆ ಬೋಟ್ ನಡೆಸುವವರು. ನನ್ನ ಮಗನಿಗೆ ಕಡಲು ಅಂದರೆ ಬೇಸಿಗೆಯ ಬೀಚ್ ಅಷ್ಟೇ. ಅಪ್ಪ ಇದ್ದಾಗ ಒಂದು ಸಲವಾದರೂ ಅವನನ್ನು ಬೋಟ್ ಹತ್ತಿಸಬೇಕಿತ್ತು. ಪ್ರತಿ ರಜೆಯಲ್ಲೂ ಮುಂದಿನ ವರ್ಷ ಅಂದೆ.

ಡಲ್ಲಾಸ್ (ಊರು ಹುಬ್ಬಳ್ಳಿ):
ಪದದ ಬೇರು ಇರಲಿ ತಂಗಿ. ಅಜ್ಜಿ ಯಾವ ರಾಜ್ಯಪಾಲರಿಗೂ ಓಟು ಹಾಕಿಲ್ಲ, ಅದನ್ನ ಮೊದಲ ಹೇಳ್ರಿ. ಸಂವಿಧಾನದ 155ನೇ ವಿಧಿ ಪ್ರಕಾರ ಅವರನ್ನ ರಾಷ್ಟ್ರಪತಿ ನೇಮಿಸ್ತಾರ. ಇಲ್ಲಿ 50 ರಾಜ್ಯದಾಗೂ ಜನಾನ ಆರಿಸ್ತಾರ. 1989ರಾಗ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಸದನದಾಗ ಬಹುಮತ ತೋರಿಸ್ತೀನಿ ಅಂದ್ರೂ, ರಾಜ್ಯಪಾಲರ ವರದಿ ಮ್ಯಾಲೆ ಸರ್ಕಾರ ವಜಾ ಆತು. ಬಹುಮತ ಅಳೆಯೂ ಜಾಗ ಸದನ ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳೂದ್ರಾಗ 1994 ಬಂತು. ಐದು ವರ್ಷ! ಕಲಿಸೂದಿದ್ರ ಇದನ್ನ ಕಲಿಸ್ರಿ.

ರಾಲಿ:
ಸರ್, ಅವರು ಕೇಳಿದ್ದು ಪದದ ಬಗ್ಗೆ. ಇಲ್ಲಿನ ಗವರ್ನರ್ ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಇಲ್ಲಿನ ಗವರ್ನರ್ ಚುನಾವಣೆಯನ್ನು ‘ರಾಜ್ಯಪಾಲರ ಚುನಾವಣೆ’ ಅಂದರೆ ಮಗುವಿಗೆ ಗೊಂದಲ ಆಗುತ್ತೆ.

ಡಲ್ಲಾಸ್:
ಗೊಂದಲ ಮಗೂಗಲ್ರೀ, ವ್ಯವಸ್ಥಾದಾಗ ಐತಿ. ಆರಿಸಿ ಬಂದವರನ್ನ ನೇಮಕ ಆದವರು ಕೆಳಗಿಳಿಸೂದು ತಪ್ಪು. ಇದನ್ನ ಮಕ್ಕಳಿಗೆ ನಾವು ಹೇಳಲಿಲ್ಲಂದ್ರ ಯಾರು ಹೇಳ್ತಾರ?

ಫ್ರೀಮಾಂಟ್ (ಊರು ಬೆಂಗಳೂರು):
ಮೊದಲು ಕನ್ನಡ ಕ್ಲಾಸಿಗೆ ಸೇರಿಸಿ. ನಮ್ಮ ಇಬ್ಬರೂ ಒಂದು ಭಾನುವಾರ ತಪ್ಪಿಸಿಲ್ಲ, ದೊಡ್ಡವಳಿಗೆ ವಚನಗಳು ಬಾಯಿಪಾಠ. ಭಾಷೆ ಬಂದರೆ ಉಳಿದದ್ದು ತಾನಾಗಿ ಬರುತ್ತೆ.

ಡಲ್ಲಾಸ್:
ವಚನ ಬಂದ್ರ ಸಂವಿಧಾನ ಬರಂಗಿಲ್ರೀ ಅಕ್ಕಾರ. ಎರಡೂ ಬೇಕು.

ಎಡಿಸನ್:
ಎಲ್ಲರಿಗೂ ಧನ್ಯವಾದ. ಅವಳಿಗೆ ಚುಕ್ಕಾಣಿ ಅಂದರೆ ಏನೂಂತ ತಿಳಿಯಲಿಲ್ಲ. ಮಲ್ಪೆಯ ಅಣ್ಣ, ನಿಮ್ಮ ತಂದೆಯವರ ಬೋಟಿನ ಫೋಟೋ ಇದ್ದರೆ ಹಾಕ್ತೀರಾ? ಸೋಮವಾರ ಕ್ಲಾಸಲ್ಲಿ ತೋರಿಸ್ತಾಳಂತೆ.