ಹೆಡ್‌ಲೈಟ್ ಮತ್ತು ಟೇಲ್‌ಲೈಟ್ ಬಿಚ್ಚಿ ಒಳಗೆ ಕಪ್ಪು ಬಣ್ಣ ಹೊಡೆಯುವ ಬಗೆ

ಪ್ರಶ್ನೆ (ತೀರ್ಥಹಳ್ಳಿಯ ಓದುಗ):
ನನ್ನ ಬಳಿ 2009ರ ಮಾರುತಿ ಸ್ವಿಫ್ಟ್ ಇದೆ. ಹೆಡ್‌ಲೈಟ್‌ನೊಳಗಿನ ಬೆಳ್ಳಿ ಬಣ್ಣದ ಚೌಕಟ್ಟಿಗೆ ಕಪ್ಪು ಬಣ್ಣ ಹೊಡೆದು, ಹಿಂದಿನ ದೀಪಗಳನ್ನೂ ತುಸು ಕಪ್ಪಾಗಿಸಬೇಕೆಂದಿದ್ದೇನೆ. ಬಂಪರ್ ಬಿಚ್ಚಿ ದೀಪವನ್ನು ಹೊರತೆಗೆದಿದ್ದೇನೆ. ಆದರೆ ಮುಂದಿನ ಪಾರದರ್ಶಕ ಕವಚವನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ, ಒಳಗಿನ ಅಂಟು ಹಲಸಿನ ಮೇಣದಂತೆ ಎಳೆ ಬಿಡುತ್ತದೆಯೇ ಹೊರತು ಕವಚ ಕದಲುವುದಿಲ್ಲ. ಮನೆಯಲ್ಲಿರುವ ಕೇಕಿನ ಒವನ್‌ನಲ್ಲಿ ಬಿಸಿ ಮಾಡಬಹುದೇ?

ಉತ್ತರ 1:
ಅಂಟು ಎಳೆ ಬಿಡುತ್ತಿರುವುದು ಒಳ್ಳೆಯ ಲಕ್ಷಣ, ಏಕೆಂದರೆ ಅದು ಬ್ಯುಟೈಲ್ ರಬ್ಬರ್, ಬಿಸಿಗೆ ಮೆತ್ತಗಾಗುತ್ತದೆ. ಕೆಲವು ಕಾರುಗಳಲ್ಲಿ ಬಳಸುವ ಗಟ್ಟಿ ಸೀಲೆಂಟ್ ಎಷ್ಟು ಕಾಯಿಸಿದರೂ ಸಡಿಲುವುದಿಲ್ಲ. ಬಲ್ಬ್, ರಬ್ಬರ್ ಮುಚ್ಚಳ, ಸ್ಕ್ರೂ, ಕ್ಲಿಪ್ ಎಲ್ಲವನ್ನೂ ತೆಗೆದು, ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಸಾಕು. ಕವಚದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮೆತ್ತಗಾಗುವುದು 147 ಡಿಗ್ರಿಯ ಆಸುಪಾಸಿನಲ್ಲಾದರೂ, ಒವನ್ನಿನ ಕಾಯಿಲ್‌ಗೆ ಹತ್ತಿರವಿರುವ ಭಾಗ ಅದಕ್ಕೂ ಮೊದಲೇ ಸೊಟ್ಟಗಾಗಬಹುದು. ಅಷ್ಟಕ್ಕೂ ನಿಮ್ಮ ಉದ್ದನೆಯ ದೀಪ ಮನೆಯ ಒವನ್‌ನಲ್ಲಿ ಹಿಡಿಸುವುದೇ ಅನುಮಾನ, ಹಿಡಿಸಿದರೂ ಮುಂದಿನ ಕೇಕಿಗೆ ಪ್ಲಾಸ್ಟಿಕ್ ವಾಸನೆ ಬರುತ್ತದೆ. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ದೀಪವಿಟ್ಟು, ಹೀಟ್ ಗನ್ನಿನ ಬಿಸಿಗಾಳಿಯನ್ನು ಕಡಿಮೆ ಹಂತದಲ್ಲಿ, ನೇರವಾಗಿ ತಾಗದಂತೆ, ಪಕ್ಕದಲ್ಲೇ ನಿಂತು ಬಿಡುವುದು ಮೇಲು. ಮೂಲೆಯಿಂದ ಆರಂಭಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನವಾಗಿ ಮೀಟಿ. ಅಂಟು ತಣಿದರೆ ಬಲ ಹಾಕದೆ ಮತ್ತೆ ಕಾಯಿಸಿ.

ಉತ್ತರ 2:
ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಚೌಕಟ್ಟಿಗೆ ಮಾತ್ರ ಬಣ್ಣ ಹೊಡೆಯಿರಿ, ಬಲ್ಬಿನ ಹಿಂದಿರುವ ಪ್ರತಿಫಲಕಕ್ಕೆ ಬೇಡ. ಅದರ ಮೇಲಿರುವುದು ಅತಿ ತೆಳುವಾದ ಅಲ್ಯೂಮಿನಿಯಂ ಪದರ. ಧೂಳು ಕಂಡಿತೆಂದು ಬಟ್ಟೆಯಿಂದ ಒರೆಸಿದರೂ ಎದ್ದುಹೋಗುತ್ತದೆ, ಅಲ್ಲಿಗೆ ರಾತ್ರಿಯ ಬೆಳಕೂ ಕುಂದುತ್ತದೆ. ಚೌಕಟ್ಟನ್ನು ಬೇರ್ಪಡಿಸಿ, 600 ನಂಬರಿನ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಮರಳುಕಾಗದ) ಹೊಳಪು ಹೋಗುವಂತೆ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಬಳಿದು, ಮೂರು ನಾಲ್ಕು ತೆಳು ಪದರಗಳಲ್ಲಿ ಮ್ಯಾಟ್ ಕಪ್ಪು ಹೊಡೆಯಿರಿ. ಅವಸರಪಟ್ಟು ಅದೇ ದಿನ ಮುಚ್ಚಿದರೆ, ಬಲ್ಬಿನ ಬಿಸಿಗೆ ಬಣ್ಣದ ದ್ರಾವಕ ಆವಿಯಾಗಿ ಕವಚದ ಒಳಮೈಯಲ್ಲಿ ಮಂಜಿನಂತೆ ಕೂರುತ್ತದೆ. ನಾನು ಒಮ್ಮೆ ಹಾಗೆ ಮಾಡಿ ಇಡೀ ದೀಪವನ್ನು ಮತ್ತೆ ಬಿಚ್ಚಬೇಕಾಯಿತು. ಹೈ ಬೀಮಿಗೆ 60, ಲೋ ಬೀಮಿಗೆ 55 ವ್ಯಾಟಿನ ಎಚ್4 ಮಾದರಿಯ ಬಲ್ಬನ್ನೇ ಉಳಿಸಿಕೊಳ್ಳಿ. 100/90 ವ್ಯಾಟಿನದನ್ನು ಹಾಕಿದರೆ ಬಣ್ಣಕ್ಕೂ ಹೋಲ್ಡರಿಗೂ ಕೇಡು.

ಉತ್ತರ 3:
ಟೇಲ್‌ಲೈಟಿಗೆ ಈ ವಿಧಾನ ನಡೆಯುವುದಿಲ್ಲ. ಹೆಚ್ಚಿನ ಟೇಲ್‌ಲೈಟುಗಳ ಕೆಂಪು ಅಕ್ರಿಲಿಕ್ ಕವಚವನ್ನು ಎಬಿಎಸ್ ಎಂಬ ಪ್ಲಾಸ್ಟಿಕ್ಕಿನ ಡಬ್ಬಿಗೆ ಅಂಟಿನಿಂದಲ್ಲ, ಕರಗಿಸಿಯೇ ಬೆಸೆದಿರುತ್ತಾರೆ. ಈ ಎರಡೂ ಪ್ಲಾಸ್ಟಿಕ್‌ಗಳು ಸರಿಸುಮಾರು 105 ಡಿಗ್ರಿಯಲ್ಲೇ ಮೆತ್ತಗಾಗುವುದರಿಂದ, ಬಿಸಿ ಮಾಡಿದರೆ ಬೆಸುಗೆ ಬಿಡುವ ಬದಲು ದೀಪವೇ ಸೊಟ್ಟಗಾಗುತ್ತದೆ. ಸಣ್ಣ ಚಕ್ರದ ಕಟರಿನಿಂದ ಬೆಸುಗೆಯ ಗೆರೆಯಲ್ಲೇ ಕೊಯ್ಯಬೇಕು, ಆದ್ದರಿಂದ ಮೊದಲು ಗುಜರಿಯ ದೀಪವೊಂದರಲ್ಲಿ ಕೈ ಪಳಗಿಸಿಕೊಳ್ಳಿ. ಹೊರಗಿನಿಂದ ಕಪ್ಪು ಸ್ಪ್ರೇ ಹೊಡೆಯುವುದನ್ನಂತೂ ನಾನು ಒಪ್ಪುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು. ಆಗುಂಬೆ ಘಾಟಿಯ ಮಂಜಿನಲ್ಲಿ ಕಪ್ಪಾದ ಬ್ರೇಕ್ ದೀಪ ಹಿಂದಿನ ಲಾರಿಯವನಿಗೆ ಹೇಗೆ ಕಂಡೀತು?

ಪ್ರಶ್ನೆ ಕೇಳಿದವರು:
ಹಿಂದಿನ ದೀಪದ ಯೋಚನೆಯನ್ನು ಬಿಟ್ಟೆ. ಇನ್ನು ನಮ್ಮ ಮಳೆಗಾಲಕ್ಕೆ ಹೆಡ್‌ಲೈಟಿನೊಳಗೆ ನೀರು ಇಳಿಯದಂತೆ ಮುಚ್ಚುವುದು ಹೇಗೆ?

ಉತ್ತರ 1:
ಹಳೆಯ ಅಂಟಿನ ಮೇಲೆಯೇ ಕವಚವನ್ನು ಒತ್ತಬೇಡಿ. ಕವಚ ಕೂರುವ ತೋಡಿನೊಳಗಿನ ಕಸವನ್ನೆಲ್ಲ ಕೆರೆದು, ಹೊಸ ಬ್ಯುಟೈಲ್ ಹುರಿಯನ್ನು ಎಲ್ಲೂ ತುಂಡಾಗದಂತೆ ಸುತ್ತಲೂ ಕೂರಿಸಿ, ಮತ್ತೆ ಕಾಯಿಸಿ, ಕವಚವನ್ನು ಒತ್ತಿ, ಕ್ಲಿಪ್ಪು ಸ್ಕ್ರೂಗಳನ್ನು ಬಿಗಿದು ತಣಿಯಲು ಬಿಡಿ. ಹಿಂದಿನ ಗಾಳಿ ರಂಧ್ರಗಳನ್ನು ಮಾತ್ರ ಸಿಲಿಕೋನಿನಿಂದ ಮುಚ್ಚಬೇಡಿ, ಒಳಗಿನ ತೇವ ಹೊರಹೋಗುವುದು ಅಲ್ಲಿಂದಲೇ. ಕಾರಿಗೆ ಜೋಡಿಸುವ ಮೊದಲು ಮುಂಭಾಗಕ್ಕೆ ಹತ್ತು ನಿಮಿಷ ಪೈಪಿನಿಂದ ನೀರು ಬಿಟ್ಟು ನೋಡಿ. ಇನ್ನೊಂದು ದೀಪವನ್ನು ಇನ್ನೂ ಬಿಚ್ಚಿಲ್ಲವಾದರೆ, ಕಾರನ್ನು ಗೋಡೆಯೆದುರು ನಿಲ್ಲಿಸಿ ಅದರ ಬೆಳಕು ಬೀಳುವ ಎತ್ತರವನ್ನು ಸೀಮೆಸುಣ್ಣದಿಂದ ಗುರುತಿಸಿಕೊಳ್ಳಿ, ಕೊನೆಯಲ್ಲಿ ಎರಡನ್ನೂ ಆ ಗೆರೆಗೇ ಹೊಂದಿಸಬಹುದು.