ಕ್ನೋಪ್ಪುಂಟ್‌ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ ಬೇಕು)

ನಮಸ್ಕಾರ. ನಾನೂ ನನ್ನ ಗೆಳೆಯನೂ ಮುಂದಿನ ತಿಂಗಳು ಬೆಲ್ಜಿಯಂನ ಬ್ರೂಜ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಆರು ದಿನ ಸೈಕಲ್ ತುಳಿಯುತ್ತೇವೆ. ಅವನಿಗೆ ಕನ್ನಡದಲ್ಲಿ ಓದಿದರೇ ತಟ್ಟನೆ ಹೊಳೆಯೋದು. ಅದಕ್ಕೇ ದಾರಿಯ ಚೀಟಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಂಜೆ ಪ್ರಿಂಟಿಗೆ ಕೊಡಬೇಕು.

ಅಲ್ಲಿ ಸೈಕಲ್ ದಾರಿಗಳು ಸೇರುವ ಕಡೆಯೆಲ್ಲ ನಂಬರಿನ ಬೋರ್ಡು ಇರುತ್ತದೆ. 52 ಆದಮೇಲೆ 17, ಆಮೇಲೆ 64 ಅಂತ ನಂಬರ್ ಹಿಡಿದು ಹೋದರೆ ಸಾಕು. 1995ರಲ್ಲಿ ಬೆಲ್ಜಿಯಂನ ಲಿಂಬರ್ಗ್‌ನಲ್ಲಿ ಶುರುವಾದ ಏರ್ಪಾಡು. ಡಚ್ಚಿನಲ್ಲಿ ಆ ಜಾಗಕ್ಕೆ ಕ್ನೋಪ್ಪುಂಟ್ ಅನ್ನುತ್ತಾರೆ. ಕ್ನೋಪ್ ಅಂದರೆ ಗಂಟು. ನಾನು "ದಾರಿಗಂಟು" ಅಂತ ಬರೆದಿದ್ದೇನೆ, ಸರಿಯಾ? ಪೋಲ್ಡರ್‌ಗೂ, ಅಂದರೆ ಸುತ್ತ ಕಟ್ಟೆ ಹಾಕಿ ನೀರು ತೆಗೆದು ಮಾಡಿಕೊಂಡ ತಗ್ಗು ನೆಲಕ್ಕೂ, ಒಂದು ಪದ ಬೇಕು.

ಉತ್ತರ, ಶಿವಮೊಗ್ಗದಿಂದ:

ದಾರಿಗಂಟು ಬೇಡವೇ ಬೇಡ. ಗಂಟು ಅಂದರೆ ನಮಗೆ ಬಟ್ಟೆಗಂಟು, ದುಡ್ಡಿನ ಗಂಟು. ಸೇರುವ ಜಾಗಕ್ಕೆ ನಮ್ಮಲ್ಲಿ "ಕೂಡು" ಇದೆ. ತುಂಗೆ ಭದ್ರೆ ಸೇರುವ ಊರು ಕೂಡಲಿ. ಹಾರಂಗಿ ಕಾವೇರಿಗೆ ಸೇರುವಲ್ಲಿ ಕೂಡಿಗೆ. ಕೂಡಲಸಂಗಮದಲ್ಲಿ ಸಂಗಮ ಜಾಸ್ತಿಯಾಯಿತು, ಅರ್ಥವೆಲ್ಲ ಕೂಡಲದಲ್ಲೇ ಇದೆ. "ಕೂಡು 17" ಅಂತ ಬರೆಯಿರಿ. ಸೈಕಲ್ ಅನ್ನೋದನ್ನೂ ತೆಗೆದು ತುಳಿಬಂಡಿ ಅನ್ನಿ.

ಉತ್ತರ, ಕುಮಟೆಯಿಂದ:

ಹೊಳೆ ಕೂಡಿದ ಮೇಲೆ ಮತ್ತೆ ಬೇರೆಯಾಗುವುದಿಲ್ಲ. ದಾರಿ ಹಾಗಲ್ಲ. ಬೋರ್ಡಿನ ಮುಂದೆ ನಿಂತವರಿಗೆ ಯಾವ ಕಡೆ ತಿರುಗಬೇಕು ಅನ್ನೋದು ಮುಖ್ಯ, ಹಾಗಾಗಿ ಅದು ಕವಲು. ತುಳಿಬಂಡಿ ಯಾರ ಬಾಯಲ್ಲೂ ಇಲ್ಲ. ಸೈಕಲ್ಲಿಗೆ, ಸೈಕಲ್ಲಿನಲ್ಲಿ ಅಂತ ನಮ್ಮ ಪ್ರತ್ಯಯ ಹತ್ತಿದ ಮೇಲೆ ಅದು ನಮ್ಮದೇ.

ಪೋಲ್ಡರ್‌ಗೆ ಪದ ಹೊಸೆಯಬೇಡಿ, ಗಜನಿ ಅನ್ನಿ. ಅಘನಾಶಿನಿ ಅಳಿವೆಯಲ್ಲಿ ಉಪ್ಪುನೀರಿಗೆ ಕಟ್ಟೆ ಹಾಕಿ ಕಗ್ಗ ಭತ್ತ ಬೆಳೆಯುವ ಗದ್ದೆಗೆ ನಾವು ಹೇಳೋದು ಅದನ್ನೇ.

ಶಿವಮೊಗ್ಗದಿಂದ:

ತಪ್ಪು. ಗಜನಿಗೆ ಉಬ್ಬರದ ನೀರು ಬಿಡುತ್ತಾರೆ, ಸೀಗಡಿಯನ್ನೂ ಹಿಡಿಯುತ್ತಾರೆ. ಪೋಲ್ಡರಿನಿಂದ ನೀರನ್ನು ಸದಾ ಎತ್ತಿ ಹೊರಗೆ ಹಾಕುತ್ತಲೇ ಇರಬೇಕು. ಮೊದಲು ಗಾಳಿಗಿರಣಿ ಎತ್ತುತ್ತಿತ್ತು, ಈಗ ಪಂಪು. ರಾಟರ್‌ಡ್ಯಾಮ್ ಹತ್ತಿರ ಸಮುದ್ರಮಟ್ಟಕ್ಕಿಂತ 6 ಮೀಟರಿಗೂ ಕೆಳಗಿರುವ ಪೋಲ್ಡರ್ ಇದೆ. ಅದನ್ನು ಗಜನಿ ಅನ್ನಲಾಗದು. ಪೋಲ್ಡರ್ ಅಂತಲೇ ಇರಲಿ.

ಕುಮಟೆಯಿಂದ:

ಸೈಕಲ್ ಬೇಡ, ಪೋಲ್ಡರ್ ಇರಲಿ! ಇದು ಯಾವ ನಿಯಮ ಸ್ವಾಮಿ? ಇಂಗ್ಲಿಷಿನದಾದರೆ ಮೈಲಿಗೆ, ಡಚ್ಚಿನದಾದರೆ ಮಡಿಯಾ? ಕರಾವಳಿಯ ಪದ ಅಂದರೆ ಮಾತ್ರ ನಿಮಗೆ ಅಳತೆ ಸಾಲದು. ರೈತರ ಪದಗಳು ಸಾಯುವುದು ಹೀಗೇ.

ಕೇಳಿದವರಿಂದ:

ಇಬ್ಬರಿಗೂ ಧನ್ಯವಾದ. ಗೆಳೆಯನಿಗೆ ಫೋನಿನಲ್ಲಿ ಎರಡನ್ನೂ ಓದಿ ಹೇಳಿದೆ. ಕವಲು ಅಂದರೆ ಅವನಿಗೆ ದಾರಿ ತಪ್ಪುವ ಜಾಗ ಅನ್ನಿಸಿತಂತೆ. ಹಾಗಾಗಿ "ಕೂಡು 17" ಇಟ್ಟೆ. ಮೊದಲ ಸಲ "ಗಜನಿಯಂಥ ನೆಲ, ಪೋಲ್ಡರ್" ಅಂತ ಬರೆದು, ಮುಂದೆ ಪೋಲ್ಡರ್ ಅಂತ ಬಿಟ್ಟೆ. ಸೈಕಲ್ ಸೈಕಲ್ಲೇ.

ಇನ್ನೊಂದು ಉಳಿದಿದೆ. ಬ್ರೆಸ್ಕೆನ್ಸ್‌ನಲ್ಲಿ ದೋಣಿ ಹತ್ತಿ ಆಚೆ ದಡಕ್ಕೆ ಹೋದಮೇಲೆ, ಉಕ್ಕಿ ಬರುವ ಕಡಲ ನೀರನ್ನು ತಡೆಯಲು ಕಟ್ಟಿದ, 9 ಕಿ.ಮೀ. ಉದ್ದದ ಓಸ್ಟರ್‌ಸ್ಖೆಲ್ಡೆ ತಡೆಗೋಡೆ ದಾಟಬೇಕು. ಅಲ್ಲಿ ಗಾಳಿಯದೇ ಚಿಂತೆ. ಎದುರುಗಾಳಿ ಎಲ್ಲರಿಗೂ ಗೊತ್ತು. ಹಿಂದಿನಿಂದ ತಳ್ಳುವ ಗಾಳಿಗೆ ಬೆನ್ನುಗಾಳಿ ಅಂದರೆ ನಡೆಯುತ್ತದಾ? ಐದು ಗಂಟೆಯೊಳಗೆ ಹೇಳಿ.