ಬಲವಂತದ ನಗುವಿನಿಂದ ದುಃಖ ಹೋಗುತ್ತದೆಯೇ? ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಚರ್ಚೆ

ಕುಂಬಳೆ ಚಿಕ್ಕಪ್ಪ (ಫಾರ್ವರ್ಡ್ ಮಾಡಿದ ಸಂದೇಶ): “ಎಂಥ ದುಃಖವಿದ್ದರೂ ಎರಡು ನಿಮಿಷ ಬಲವಂತವಾಗಿ ನಗಿರಿ. ನಗು ನಿಜವೋ ನಟನೆಯೋ ಎಂಬುದು ಮೆದುಳಿಗೆ ತಿಳಿಯುವುದಿಲ್ಲ. ದುಃಖ ತಾನಾಗಿ ಕರಗುತ್ತದೆ. ಇದು ವಿಜ್ಞಾನ ಸಾಬೀತುಪಡಿಸಿದ ಸತ್ಯ.”

ನೀರ್ಚಾಲು ಅಕ್ಕ: ಚಿಕ್ಕಪ್ಪ, ಬದಿಯಡ್ಕದ ಮಾವನ ಎರಡನೇ ಮಾಸಿಕ ಕಳೆದು ವಾರವೂ ಆಗಿಲ್ಲ, ಅತ್ತೆಯೂ ಈ ಗುಂಪಿನಲ್ಲಿದ್ದಾರೆ. ಆದ್ದರಿಂದ ಇದನ್ನು ಓದಿ ಸುಮ್ಮನಿರಲು ನನ್ನಿಂದಾಗಲಿಲ್ಲ. 1988ರಲ್ಲಿ ಫ್ರಿಟ್ಜ್ ಸ್ಟ್ರ್ಯಾಕ್ ಎಂಬ ಜರ್ಮನ್ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ಕೆಲವರಿಗೆ ಪೆನ್ನನ್ನು ಹಲ್ಲಿನಲ್ಲಿಯೂ ಕೆಲವರಿಗೆ ತುಟಿಯಲ್ಲಿಯೂ ಹಿಡಿದುಕೊಳ್ಳಲು ಹೇಳಿ ವ್ಯಂಗ್ಯಚಿತ್ರಗಳನ್ನು ತೋರಿಸಿದರು. ಹಲ್ಲಿನಲ್ಲಿ ಹಿಡಿದವರ ಮುಖ ಅವರಿಗೆ ಅರಿವಿಲ್ಲದೆಯೇ ನಗುವಿನ ಆಕಾರಕ್ಕೆ ಬರುತ್ತಿತ್ತು, ಅವರಿಗೆ ಆ ಚಿತ್ರಗಳು ಸ್ವಲ್ಪ ಹೆಚ್ಚು ತಮಾಷೆಯಾಗಿ ಕಂಡವು. 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಪರಿಣಾಮ ಕಾಣಲಿಲ್ಲ. 2022ರಲ್ಲಿ 19 ದೇಶಗಳ 3,878 ಜನರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಬೇಕೆಂದೇ ನಗುಮುಖ ಮಾಡಿದರೆ ಸಂತೋಷ ಸ್ವಲ್ಪ ಏರುತ್ತದೆ ಎಂಬುದು ಕಂಡಿತು, ಪೆನ್ನಿನ ವಿಧಾನದ ಬಗ್ಗೆ ಮಾತ್ರ ಖಚಿತ ಉತ್ತರ ಸಿಗಲಿಲ್ಲ. ಇಷ್ಟು ಸಣ್ಣ ಫಲಿತಾಂಶವನ್ನು “ಎಂಥ ದುಃಖವಿದ್ದರೂ” ಎಂಬ ಮಟ್ಟಕ್ಕೆ ಏರಿಸುವುದು ಸರಿಯಲ್ಲ.

ಕುಂಬಳೆ ಚಿಕ್ಕಪ್ಪ: ಮಗಳೇ, ನಾನು ಅನುಭವದಿಂದ ಹೇಳುತ್ತಿದ್ದೇನೆ. ಯಕ್ಷಗಾನದಲ್ಲಿ ರಾಕ್ಷಸ ಪಾತ್ರದ ಬಣ್ಣದ ವೇಷಕ್ಕೆ ಮುಖದಲ್ಲಿ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು, ಕಿರೀಟ ಕಟ್ಟಿಸಿಕೊಂಡು ವೇಷ ಕಟ್ಟುವ ಚೌಕಿಯಲ್ಲಿ ಕುಳಿತಿರುವಾಗ ನನಗೆ ಯಾರ ಮೇಲೂ ಕೋಪವಿರುವುದಿಲ್ಲ. ತೆರೆಯ ಹಿಂದೆ ನಿಂತು, ಚೆಂಡೆಯ ಪೆಟ್ಟು ಏರುತ್ತಿದ್ದಂತೆ ಹುಬ್ಬು ಗಂಟಿಕ್ಕಿ, ಹೊಟ್ಟೆಯಿಂದ ಉಸಿರೆಳೆದು ಆರ್ಭಟ ಕೊಟ್ಟ ಕೂಡಲೇ ಎದೆ ಬಿಸಿಯಾಗಿ ನಿಜವಾದ ರೋಷವೇ ಬರುತ್ತದೆ. ಅಳುವುದರಿಂದಲೇ ದುಃಖ, ನಡುಗುವುದರಿಂದಲೇ ಭಯ ಎಂದು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1884ರಲ್ಲಿಯೇ ಬರೆದಿದ್ದಾನೆ. ಮರುವರ್ಷ ಡೆನ್ಮಾರ್ಕಿನ ವೈದ್ಯ ಕಾರ್ಲ್ ಲಾಂಗೆ ಹೆಚ್ಚುಕಡಿಮೆ ಇದೇ ತೀರ್ಮಾನಕ್ಕೆ ಬಂದ. ನಾಟ್ಯಶಾಸ್ತ್ರ ಬರೆದ ನಮ್ಮ ಭರತಮುನಿಯೂ ಕಣ್ಣೀರು, ಬೆವರು, ನಡುಕ, ರೋಮಾಂಚಗಳನ್ನು ಎಂಟು ಸಾತ್ತ್ವಿಕ ಭಾವಗಳಲ್ಲಿ, ಅಂದರೆ ಒಳಗಿನ ಭಾವ ದೇಹದಲ್ಲಿ ತೋರುವ ಚಿಹ್ನೆಗಳಲ್ಲಿ, ಸೇರಿಸಿದ್ದಾನೆ.

ನೀರ್ಚಾಲು ಅಕ್ಕ: ಭರತನನ್ನು ನೀವು ಕರೆತಂದದ್ದು ನನಗೆ ಸಂತೋಷವೇ, ಆದರೆ ಆತ ಇಲ್ಲಿ ನಿಮ್ಮ ಪಕ್ಷದಲ್ಲಿಲ್ಲ. ಆ ಚಿಹ್ನೆಗಳ ಮೂಲವಾದ ಸತ್ತ್ವ ಹುಟ್ಟುವುದು ಮನಸ್ಸಿನಿಂದ, ಅದೂ ಏಕಾಗ್ರವಾದ ಮನಸ್ಸಿನಿಂದ ಎಂದು ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಮನಸ್ಸು ಬೇರೆಲ್ಲೋ ಇರುವವನಿಗೆ ರಂಗದ ಮೇಲೆ ಕಣ್ಣೀರು ಬಾರದು. ತೆರೆಯ ಹಿಂದೆ ನಿಮಗೆ ರೋಷ ಬರುವುದು ಹುಬ್ಬಿನಿಂದ ಮಾತ್ರವಲ್ಲ, ಆ ಹೊತ್ತಿಗೆ ನಿಮ್ಮ ಮನಸ್ಸು ಪ್ರಸಂಗದೊಳಗೆ ಪೂರ್ತಿ ಇಳಿದಿರುತ್ತದೆ. ಜೇಮ್ಸ್‌ಗೂ ನಟರ ಪ್ರಶ್ನೆ ಎದುರಾಗಿತ್ತು. ಅಭಿನಯಿಸುವಾಗ ಭಾವ ನಿಜವಾಗಿ ಆವರಿಸುತ್ತದೆ ಎಂದು ಕೆಲವು ನಟರೂ, ಏನೂ ಅನಿಸುವುದಿಲ್ಲ ಎಂದು ಇನ್ನು ಕೆಲವರೂ ಹೇಳಿದ್ದನ್ನು ಅವನೇ 1890ರ ಗ್ರಂಥದಲ್ಲಿ ದಾಖಲಿಸಿದ್ದಾನೆ. ಮುಂದೆ ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್, ಒಳಾಂಗಗಳನ್ನು ಉದ್ರೇಕಿಸುವ ನರಜಾಲವನ್ನೇ ತೆಗೆದುಹಾಕಿದ ಬೆಕ್ಕುಗಳ ಮುಂದೆ ನಾಯಿ ಬೊಗಳಿದಾಗ ಏನಾಗುತ್ತದೆ ಎಂದು ನೋಡಿದ. ಅವು ಬುಸುಗುಟ್ಟಿದವು, ಕಿವಿ ಹಿಂದಕ್ಕೆ ಮಡಚಿದವು, ಹೊಡೆಯಲು ಪಂಜ ಎತ್ತಿದವು, ರೋಮ ಮಾತ್ರ ನಿಮಿರಲಿಲ್ಲ. ಒಳಾಂಗಗಳ ಬದಲಾವಣೆಯೇ ಕೋಪದ ಮೂಲವಾಗಿದ್ದರೆ ಅವು ಹಾಗೆ ವರ್ತಿಸಬೇಕಾಗಿರಲಿಲ್ಲ ಎಂಬುದು 1927ರಲ್ಲಿ ಅವನು ಮುಂದಿಟ್ಟ ಆಕ್ಷೇಪಗಳಲ್ಲಿ ಒಂದು.

ಪೆರ್ಲ ಭಾವ: ಕುಂಬಳೆ ಮಾವ ಹೇಳುವುದನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಬೆಕ್ಕು ಪಂಜ ಎತ್ತಿತು ಎಂದ ಮಾತ್ರಕ್ಕೆ ಅದಕ್ಕೆ ಕೋಪದ ಅನುಭವವಾಯಿತು ಎಂದು ಹೇಗೆ ಹೇಳುವುದು? 1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ವಿಟಮಿನ್ ಎಂದು ಹೇಳಿ ಅಡ್ರಿನಲಿನ್ ಚುಚ್ಚಿದರು. ಎದೆ ಬಡಿತ ಯಾಕೆ ಹೆಚ್ಚಿತೆಂದು ತಿಳಿಯದವರು ಪಕ್ಕದಲ್ಲಿದ್ದವನ ಉಲ್ಲಾಸವನ್ನೋ ಸಿಡುಕನ್ನೋ ನೋಡಿ ತಮ್ಮ ಸ್ಥಿತಿಗೆ ಅರ್ಥ ಕೊಟ್ಟರು ಎಂದು ಅವರು ವಾದಿಸಿದರು. ದೇಹದ ಉದ್ರೇಕವೂ ಬೇಕು, ಅದಕ್ಕೆ ನಾವು ಕೊಡುವ ಅರ್ಥವೂ ಬೇಕು.

ನೀರ್ಚಾಲು ಅಕ್ಕ: ಆ ಪ್ರಯೋಗವನ್ನು 1979ರಲ್ಲಿ ಬೇರೆಯವರು ಪರೀಕ್ಷಿಸಿದಾಗ ಅದೇ ಫಲಿತಾಂಶ ಬರಲಿಲ್ಲ ಭಾವ. ಆದರೂ ಅರ್ಥದ ಬಗ್ಗೆ ನೀವು ಹೇಳಿದ್ದು ಮುಖ್ಯ. ನೋಡಲು ಹಿಂಸೆಯಾಗುವ ಒಂದೇ ಚಲನಚಿತ್ರಕ್ಕೆ ಬೇರೆ ಬೇರೆ ವಿವರಣೆಯ ಧ್ವನಿ ಸೇರಿಸಿದರೆ ನೋಡುಗರ ದೇಹದ ಪ್ರತಿಕ್ರಿಯೆಯೂ ಬದಲಾಗುತ್ತದೆ ಎಂದು ಮನೋವಿಜ್ಞಾನಿ ರಿಚರ್ಡ್ ಲಾಜರಸ್ ಮತ್ತು ಸಂಗಡಿಗರು 1964ರಲ್ಲಿ ತೋರಿಸಿದರು. ಘಟನೆ ನಮ್ಮ ಬದುಕಿಗೆ ಏನಾಗಿ ಬಂತು ಎಂಬ ಅಳತೆಯೇ ಭಾವದ ಬೇರು ಎಂಬುದು ಲಾಜರಸ್‌ನ ನಿಲುವು, ನನಗೂ ಅದೇ ಹೆಚ್ಚು ಸರಿಯೆನಿಸುತ್ತದೆ. ಚಿಕ್ಕಪ್ಪ, ಅಸಹ್ಯ ಹುಟ್ಟಿಸುವ ಚಲನಚಿತ್ರ ನೋಡುವಾಗ ಮುಖದಲ್ಲಿ ಭಾವವನ್ನು ತೋರಗೊಡದೆ ಅದುಮಿಟ್ಟವರ ಮೇಲೆ ಮನೋವಿಜ್ಞಾನಿ ಜೇಮ್ಸ್ ಗ್ರಾಸ್ 1998ರಲ್ಲಿ ನಡೆಸಿದ ಪ್ರಯೋಗವನ್ನೂ ನೋಡಬೇಕು. ಹೊರಗೆ ಕಾಣುವುದು ಕಡಿಮೆಯಾಯಿತು, ಒಳಗಿನ ಅಸಹ್ಯ ಕಡಿಮೆಯಾಗಲಿಲ್ಲ, ದೇಹದ ಉದ್ರೇಕ ಮಾತ್ರ ಹೆಚ್ಚಿತು. ಅದು ಪ್ರಯೋಗಾಲಯದ ಅಸಹ್ಯ, ಸಾವಿನ ದುಃಖವಲ್ಲ, ನಿಜ. ಆದರೆ ಅಳು ನುಂಗಿ ನಗುತ್ತಾ ಇರಿ ಎಂದು ಮನೆಯವರೇ ಹೇಳುವ ಮೊದಲು ಇಷ್ಟಾದರೂ ಯೋಚಿಸಬೇಡವೇ?

ಬದಿಯಡ್ಕ ಅತ್ತೆ: ನಾನು ಎಲ್ಲವನ್ನೂ ಓದುತ್ತಿದ್ದೇನೆ. ನನ್ನ ತಮ್ಮ ಇದನ್ನು ಒಳ್ಳೆಯ ಮನಸ್ಸಿನಿಂದಲೇ ಕಳುಹಿಸಿದ್ದಾನೆ, ಅವನ ಮೇಲೆ ನನಗೆ ಬೇಸರವಿಲ್ಲ. ಮೊನ್ನೆ ಅಡಿಕೆ ವ್ಯಾಪಾರಿ ಬಂದಾಗ ನಿಮ್ಮ ಮಾವನ ಹಳೆಯ ಲೆಕ್ಕದ ಪುಸ್ತಕ ತೆರೆದೆ. ಅಂಚಿನಲ್ಲಿ ಅವರು ಬರೆದಿಟ್ಟ ಟಿಪ್ಪಣಿ ಕಂಡು ನಗು ಬಂತು, ಕೂಡಲೇ ಅಳುವೂ ಬಂತು. ಆ ಎರಡೂ ನಾನು ತರಿಸಿಕೊಂಡದ್ದಲ್ಲ. ನಗಬೇಕು ಎಂದು ಯಾರಾದರೂ ಹೇಳಿದರೆ ಮಾತ್ರ ನನಗೆ ಕಷ್ಟವಾಗುತ್ತದೆ, ಯಾಕೆಂದರೆ ಆಗ ಅವರ ಸಮಾಧಾನಕ್ಕಾಗಿ ನಾನು ನಗಬೇಕಾಗುತ್ತದೆ.

ಕುಂಬಳೆ ಚಿಕ್ಕಪ್ಪ: ಅಕ್ಕ, ನಿನಗೆ ನಗು ಎಂದು ನಾನು ಹೇಳುವುದಿಲ್ಲ. ರಂಗದ ವಿಷಯದಲ್ಲಿ ನನ್ನ ಮಾತನ್ನು ಬಿಡಲಾರೆ, ಬೆಳಗಿನ ಸಣ್ಣಪುಟ್ಟ ಬೇಸರಕ್ಕೆ ನಗುಮುಖ ಉಪಕಾರಿ ಎಂಬುದನ್ನು 2022ರ ಅಧ್ಯಯನವೂ ಅಲ್ಲಗಳೆದಿಲ್ಲ. “ಎಂಥ ದುಃಖವಿದ್ದರೂ” ಎಂಬ ಮಾತನ್ನು ತೆಗೆದೇ ಮೇಳದ ಗುಂಪಿಗೆ ಕಳುಹಿಸುತ್ತೇನೆ.

ನೀರ್ಚಾಲು ಅಕ್ಕ: “ಸಾಬೀತುಪಡಿಸಿದ ಸತ್ಯ” ಎಂಬುದನ್ನೂ ತೆಗೆಯಿರಿ ಚಿಕ್ಕಪ್ಪ, ಅದರ ಬದಲು 2016ರ ಫಲಿತಾಂಶವನ್ನೂ 2022ರ ಫಲಿತಾಂಶವನ್ನೂ ಒಟ್ಟಿಗೆ ಬರೆಯಿರಿ. ಏಳನೆಯ ಅಧ್ಯಾಯದ ಆ ಭಾಗವನ್ನು ಫೋಟೋ ತೆಗೆದು ಸಂಜೆ ಇಲ್ಲಿಯೇ ಹಾಕುತ್ತೇನೆ, ಅದನ್ನು ಓದಿದ ಮೇಲೆ ತೆರೆಯ ಹಿಂದಿನ ರೋಷದ ವಿಚಾರವನ್ನು ಮುಂದುವರಿಸೋಣ.